ಮಾಡಿನ ಶೀಟು, ಗೋಡೆಯ ರೂಟರ್: ಎರಡು ಬಗೆಯ ಕರಪತ್ರಗಳ ವಿಮರ್ಶೆ

ವಿಮರ್ಶೆಯ ಪುಟಗಳಲ್ಲಿ ಪುಸ್ತಕಗಳ ಚರ್ಚೆ ನಡೆಯುವುದು ವಾಡಿಕೆ. ಈ ಸಲ ಪುಸ್ತಕದ ಬದಲು ಕರಪತ್ರಗಳನ್ನು ಎತ್ತಿಕೊಂಡಿದ್ದೇನೆ. ಕಾರಣ ಸರಳ. ನಮ್ಮ ವಿಜ್ಞಾನ ಪುಸ್ತಕಗಳನ್ನು ಓದಿ ಯಾರೂ ಸಾಲ ಮಾಡುವುದಿಲ್ಲ. ಆದರೆ ಲೋಹದ ಚಾವಣಿ ಶೀಟು ಮಾರುವ ಅಂಗಡಿಯ ಬಣ್ಣದ ಕರಪತ್ರವನ್ನು ಮನೆಮಂದಿಯೆಲ್ಲ ಸುತ್ತ ಕುಳಿತು ಓದುತ್ತಾರೆ. ಓದಿ, ಲಕ್ಷಗಳ ಲೆಕ್ಕದ ನಿರ್ಧಾರ ಮಾಡುತ್ತಾರೆ. ವೈ-ಫೈ ರೂಟರ್ ಬರುವ ಪೆಟ್ಟಿಗೆಯ ಮೇಲಿನ ಬರಹದ ಕಥೆಯೂ ಇದೇ; ಅಲ್ಲಿ ಹಣ ಕಡಿಮೆ, ಗೊಂದಲ ಹೆಚ್ಚು. ಪ್ರತಿಫಲನ, ಮೈಕ್ರಾನ್, ಗಿಗಾಹರ್ಟ್ಸ್, ಡೆಸಿಬೆಲ್ ಮುಂತಾದ ನಮ್ಮ ಶಾಸ್ತ್ರದ ಪದಗಳು ಶಾಲೆ ಬಿಟ್ಟ ಮೇಲೆ ಜನಸಾಮಾನ್ಯರ ಎದುರಿಗೆ ಮತ್ತೆ ಬಂದು ನಿಲ್ಲುವುದು ಇಂಥ ಕಾಗದಗಳಲ್ಲೇ. ಅಲ್ಲಿ ಅವು ಹೇಗೆ ಬಳಕೆಯಾಗಿವೆ ಎಂದು ನೋಡುವುದು ಭೌತಶಾಸ್ತ್ರ ಕಲಿಸುವವರ ಕೆಲಸವೇ ಅಲ್ಲವೆ?

ಶಿವಮೊಗ್ಗ, ಸಾಗರ, ಕುಂದಾಪುರಗಳ ಅಂಗಡಿಗಳಿಂದ ತಂದ ಒಂದಿಷ್ಟು ಕರಪತ್ರಗಳೂ ಕೆಲವು ರೂಟರ್ ಪೆಟ್ಟಿಗೆಗಳೂ ಈಗ ನನ್ನ ಮೇಜಿನ ಮೇಲಿವೆ. ಕಂಪನಿಗಳ ಹೆಸರು ಇಲ್ಲಿ ಮುಖ್ಯವಲ್ಲ. ಎಲ್ಲದರ ಭಾಷೆಯೂ ಹೆಚ್ಚು ಕಡಿಮೆ ಒಂದೇ. ಅವುಗಳಲ್ಲಿ ನೇರ ಸುಳ್ಳು ಕಡಿಮೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ನನ್ನ ತಕರಾರು ಬೇರೆ. ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವ ಸಂಖ್ಯೆ ನಿರ್ಧಾರಕ್ಕೆ ಅಷ್ಟಾಗಿ ಬೇಕಾದದ್ದಲ್ಲ. ಬೇಕಾದ ಸಂಖ್ಯೆ ಸಣ್ಣ ಅಕ್ಷರದಲ್ಲಿ ಅಡಗಿದೆ, ಇಲ್ಲವೆ ಕಾಣಿಸುವುದೇ ಇಲ್ಲ.

ಶೀಟಿನ ಕಡೆಗೆ ಮೊದಲು

ಹೆಂಚು ಇಳಿಸಿ ಶೀಟು ಹಾಕುವವರನ್ನು ಹಳಿಯುವ ಉದ್ದೇಶ ನನಗಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ಮಾಡುಗಳು ಕೆಂಪಾದವು. ಆ ಹೆಂಚಿನ ಗುಣಗಳನ್ನು ಹೊಗಳುವ ಲೇಖನಗಳಿಗೆ ಕೊರತೆಯಿಲ್ಲ. ಆದರೆ ಹೊಗಳುವವರ ಮನೆಯ ಮಾಡಿನ ಮೇಲೆ ಮಂಗಗಳ ಹಿಂಡು ಕುಣಿದಿರಲಾರದು! ಒಡೆದ ಹೆಂಚು ಬದಲಿಸಲು, ಮಳೆಗಾಲಕ್ಕೆ ಮುನ್ನ ಮಾಡು ಕೈಯಾಡಿಸಲು ಈಗ ಜನ ಸಿಗುವುದಿಲ್ಲ. ಒಂದು ಚದರ ಮೀಟರ್ ಹೆಂಚಿನ ಮಾಡು ಸುಮಾರು 40 ಕಿ.ಗ್ರಾಂ ತೂಗುತ್ತದೆ, ಅದನ್ನು ಹೊರುವ ಪಕ್ಕಾಸು, ರೀಪುಗಳ ಮರಕ್ಕೆ ಇಂದಿನ ಬೆಲೆ ಎಲ್ಲರಿಗೂ ಗೊತ್ತು. ಅಷ್ಟೇ ಜಾಗದ ಲೋಹದ ಶೀಟು ಸುಮಾರು 4 ಕಿ.ಗ್ರಾಂ. ಆಗುಂಬೆಯಂತಹ ಕಡೆ ವರ್ಷಕ್ಕೆ 7 ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವಾಗ, ಸೋರದ ಮಾಡು ಬೇಕು ಎನ್ನುವವರಿಗೆ ಉಪದೇಶ ಮಾಡುವುದು ಸರಿಯಲ್ಲ. ಪ್ರಶ್ನೆ ಇರುವುದು ಯಾವ ಶೀಟು, ಹೇಗೆ ಎಂಬುದರಲ್ಲಿ.

ಈ ಶೀಟಿನ ಇತಿಹಾಸ ಚಿಕ್ಕದೇನಲ್ಲ. ತಗಡಿಗೆ ಅಲೆಯಲೆಯಾದ ಮಡಿಕೆ ಕೊಟ್ಟು ಅದನ್ನು ಗಟ್ಟಿ ಮಾಡುವ ವಿಧಾನಕ್ಕೆ ಹೆನ್ರಿ ಪಾಮರ್ ಲಂಡನ್ನಿನಲ್ಲಿ 1829ರಲ್ಲಿ ಹಕ್ಕುಪತ್ರ ಪಡೆದ. ಕಬ್ಬಿಣಕ್ಕೆ ಕರಗಿದ ಸತುವಿನ ಲೇಪ ಕೊಡುವ ವಿಧಾನಕ್ಕೆ ಸ್ಟಾನಿಸ್ಲಾಸ್ ಸೊರೆಲ್ ಫ್ರಾನ್ಸಿನಲ್ಲಿ ಹಕ್ಕುಪತ್ರ ಪಡೆದದ್ದು 1837ರಲ್ಲಿ. ನಾವು ಜಿ.ಐ. ಶೀಟು ಎನ್ನುವುದು ಈ ಎರಡರ ಸಂತಾನ. ಈಗ ಹೆಚ್ಚಾಗಿ ಮಾರಾಟವಾಗುವುದು ಅಲ್ಯೂಮಿನಿಯಂ-ಸತು ಮಿಶ್ರಲೋಹದ ಲೇಪವುಳ್ಳದ್ದು. ತೂಕದಲ್ಲಿ 55 ಭಾಗ ಅಲ್ಯೂಮಿನಿಯಂ, 43.4 ಭಾಗ ಸತು, 1.6 ಭಾಗ ಸಿಲಿಕಾನ್. ಅಮೆರಿಕದ ಬೆಥ್ಲೆಹೆಮ್ ಸ್ಟೀಲ್ ಇದನ್ನು ಮಾರುಕಟ್ಟೆಗೆ ತಂದದ್ದು 1972ರಲ್ಲಿ. ಅಂಗಡಿಯವರು ಇದನ್ನು ‘ಅಲ್ಯೂಮಿನಿಯಂ ಶೀಟು’ ಎಂದೇ ಕರೆಯುತ್ತಾರೆ. ಅದು ಅಲ್ಯೂಮಿನಿಯಂ ಅಲ್ಲ, ಉಕ್ಕು. ಒಂದು ಅಯಸ್ಕಾಂತ ಜೇಬಿನಲ್ಲಿದ್ದರೆ ಈ ಚರ್ಚೆ ಅಲ್ಲೇ ಮುಗಿಯುತ್ತದೆ.

ಕರಪತ್ರದ ಮೊದಲ ದೊಡ್ಡ ಸಂಖ್ಯೆ ದಪ್ಪ. ‘0.50 ಮಿ.ಮೀ.’ ಎಂದು ಇರುತ್ತದೆ. ಯಾವುದರ ದಪ್ಪ? ಉಕ್ಕಿನದೋ, ಲೇಪ ಮತ್ತು ಬಣ್ಣ ಸೇರಿ ಒಟ್ಟು ತಗಡಿನದೋ? ಉದ್ಯಮದವರಿಗೆ ಈ ಎರಡಕ್ಕೂ ಬೇರೆ ಬೇರೆ ಹೆಸರುಗಳಿವೆ: ಬಿ.ಎಂ.ಟಿ. ಎಂದರೆ ಮೂಲ ಉಕ್ಕಿನ ದಪ್ಪ, ಟಿ.ಸಿ.ಟಿ. ಎಂದರೆ ಲೇಪ ಸೇರಿದ ಒಟ್ಟು ದಪ್ಪ. ಕರಪತ್ರದಲ್ಲಿ ಇವೆರಡರಲ್ಲಿ ಒಂದರ ಹೆಸರೂ ಇಲ್ಲದಿದ್ದರೆ ಅದು ಒಟ್ಟು ದಪ್ಪ ಎಂದು ಭಾವಿಸುವುದು ಕ್ಷೇಮ. ‘ಎ.ಝಡ್. 150’ ಎಂದರೆ ಎರಡೂ ಮೈ ಸೇರಿ ಚದರ ಮೀಟರಿಗೆ 150 ಗ್ರಾಂ ಲೇಪ. ಲೇಪದ ಸಾಂದ್ರತೆ ಘನ ಸೆಂಟಿಮೀಟರಿಗೆ 3.75 ಗ್ರಾಂ. ಭಾಗಿಸಿದರೆ ಒಟ್ಟು 40 ಮೈಕ್ರೋಮೀಟರ್, ಅಂದರೆ ಒಂದು ಮೈಗೆ 20. ಬಣ್ಣಕ್ಕೆ ಇನ್ನೊಂದು 30-35 ಮೈಕ್ರೋಮೀಟರ್ ಸೇರಿಸಿ. 0.50ರಲ್ಲಿ ಉಳಿಯುವ ಉಕ್ಕು ಸುಮಾರು 0.43 ಮಿ.ಮೀ. ಕೊಳ್ಳುವವರು ದುಡ್ಡು ಕೊಡುವುದು ಉಕ್ಕಿಗೆ; ಭಾರ ಹೊರುವುದೂ ಉಕ್ಕೇ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಡ, ಅಡುಗೆಮನೆಯ ತಕ್ಕಡಿ ಸಾಕು. ಮಡಿಕೆಯಿಲ್ಲದ ಸಮತಟ್ಟಾದ ಜಾಗದಿಂದ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ತುಂಡು ಕೇಳಿ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ 7.85 ಗ್ರಾಂ ಎಂದು ಹಿಡಿದರೆ, 0.50 ಮಿ.ಮೀ. ಉಕ್ಕಿರುವ ತುಂಡು ಲೇಪ, ಬಣ್ಣಗಳೊಂದಿಗೆ ಸುಮಾರು 41 ಗ್ರಾಂ ತೂಗಬೇಕು. 0.43 ಇದ್ದರೆ ಸುಮಾರು 36. ಐದು ಗ್ರಾಂ ವ್ಯತ್ಯಾಸವನ್ನು ಮಸಾಲೆ ಅಳೆಯುವ ತಕ್ಕಡಿಯೂ ತೋರಿಸುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಸಾಂದ್ರತೆಯ ಪಾಠ ನನಗೆ ತೋಚುವುದಿಲ್ಲ.

ಎಪ್ಪತ್ತರಷ್ಟು ಪ್ರತಿಫಲನ ಎಂಬ ಅರ್ಧ ಸತ್ಯ

ಈಗ ಬಿಸಿಲಿನ ವಿಷಯಕ್ಕೆ ಬರೋಣ. ಕರಪತ್ರಗಳ ಮುಖ್ಯ ದೋಷ ಇರುವುದು ಇಲ್ಲೇ.

‘ಸೂರ್ಯನ ಶಾಖದ ಶೇಕಡ 70ರಷ್ಟನ್ನು ಪ್ರತಿಫಲಿಸುತ್ತದೆ, ಮನೆ ತಂಪು’ ಎಂಬಂಥ ವಾಕ್ಯ ಸಾಮಾನ್ಯ. ಬಿಳಿ ಬಣ್ಣದ ಹೊಸ ಶೀಟಿಗೆ ಅಥವಾ ಬಣ್ಣವಿಲ್ಲದ ಹೊಳೆಯುವ ಶೀಟಿಗೆ ಈ ಸಂಖ್ಯೆ ಸರಿಸುಮಾರು ನಿಜ. ಆದರೆ ಅದೇ ಕರಪತ್ರದ ಮುಖಪುಟದಲ್ಲಿರುವ ಮನೆಯ ಚಿತ್ರವನ್ನು ನೋಡಿ: ಇಟ್ಟಿಗೆ ಕೆಂಪು! ಹೆಂಚಿನ ನೆನಪು ಬಿಡಲಾಗದ ನಮ್ಮ ಜನ ಕೊಳ್ಳುವುದೂ ಅದನ್ನೇ. ಕಡು ಕೆಂಪು ಬಣ್ಣ ಬಿಸಿಲಿನ ಸುಮಾರು ಶೇಕಡ 70ನ್ನು ಹೀರಿಕೊಳ್ಳುತ್ತದೆ. ಸಂಖ್ಯೆ ಅದೇ, ಕ್ರಿಯಾಪದ ತಲೆಕೆಳಗು.

ಒಂದು ಒರಟು ಲೆಕ್ಕ ಮಾಡೋಣ. ನಡು ಮಧ್ಯಾಹ್ನ ಚದರ ಮೀಟರಿಗೆ 1000 ವಾಟ್ ಬಿಸಿಲು ಬೀಳುತ್ತದೆ ಎನ್ನಿ. ಕೆಂಪು ಶೀಟು ಹೀರುವುದು 700 ವಾಟ್, ಬಿಳಿ ಶೀಟು 300. ಹೀರಿದ್ದನ್ನು ಶೀಟು ಗಾಳಿಗೆ ಸಂವಹನದ ಮೂಲಕವೂ ಸುತ್ತಲಿಗೆ ವಿಕಿರಣದ ಮೂಲಕವೂ ಕಳೆದುಕೊಳ್ಳಬೇಕು. ಮಂದಗಾಳಿಯಲ್ಲಿ ಎರಡೂ ಮೈಗಳಿಂದ ಸೇರಿ, ಪ್ರತಿ ಡಿಗ್ರಿ ಏರಿಕೆಗೆ ಚದರ ಮೀಟರಿಗೆ 20 ವಾಟ್ ಹೊರಹೋಗುತ್ತದೆ ಎಂದು ಹಿಡಿದರೆ, ಕೆಂಪು ಶೀಟು ಗಾಳಿಗಿಂತ 35 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ, ಬಿಳಿಯದು 15 ಡಿಗ್ರಿ. ಗಾಳಿ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು 70, ಇನ್ನೊಂದು 50. ದಪ್ಪ 0.35 ಆದರೂ 0.50 ಆದರೂ ಈ ಲೆಕ್ಕ ಬದಲಾಗದು. ದಪ್ಪವು ಲೆಕ್ಕದಲ್ಲಿ ಬರಲೇ ಇಲ್ಲ ಎಂಬುದನ್ನು ಗಮನಿಸಿ. ‘ದಪ್ಪ ಶೀಟು ಹಾಕಿ, ಸೆಕೆ ಕಡಿಮೆ’ ಎಂಬ ಅಂಗಡಿಯ ಸಲಹೆಗೆ ಆಧಾರವಿಲ್ಲ.

ಇಷ್ಟು ವಿಷಯ ಕೆಲವು ಕರಪತ್ರಗಳಲ್ಲಾದರೂ ಬಣ್ಣಗಳ ಪಟ್ಟಿಯ ಪಕ್ಕದಲ್ಲಿ ಸಿಗುತ್ತದೆ. ನಾನು ನೋಡಿದ ಒಂದರಲ್ಲೂ ಇಲ್ಲದ ಪದ ಉತ್ಸರ್ಜಕತೆ. ಬಿಸಿಯಾದ ಮೈ ಎಷ್ಟು ಚೆನ್ನಾಗಿ ವಿಕಿರಣವನ್ನು ಹೊರಸೂಸುತ್ತದೆ ಎಂಬುದರ ಅಳತೆ ಇದು. ಬಣ್ಣ ಬಳಿದ ಮೈಗೆ, ಬಣ್ಣ ಯಾವುದೇ ಇರಲಿ, ಇದು ಸುಮಾರು 0.9. ಹೊಳೆಯುವ ಬರಿಯ ಲೇಪಕ್ಕೆ ಸುಮಾರು 0.15. ಮಾಡಿನ ಕೆಳಗೆ ಕುಳಿತವರಿಗೆ ನಿಜವಾಗಿ ತಟ್ಟುವುದು ಒಳಮೈಯ ಉತ್ಸರ್ಜಕತೆ. 70 ಡಿಗ್ರಿ ಸೆಲ್ಸಿಯಸ್ ಅಂದರೆ 343 ಕೆಲ್ವಿನ್. ನೆಲ ಮತ್ತು ನಾವು ಸುಮಾರು 303 ಕೆಲ್ವಿನ್. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ ಲೆಕ್ಕ ಹಾಕಿದರೆ ಒಳಮೈಗೆ ಬಣ್ಣವಿರುವ ಶೀಟಿನಿಂದ ಕೆಳಕ್ಕೆ ಚದರ ಮೀಟರಿಗೆ ಸುಮಾರು 250 ವಾಟ್ ಇಳಿಯುತ್ತದೆ. ಒಳಮೈ ಬರಿಯ ಲೋಹವಾಗಿದ್ದು ಅಷ್ಟೇ ಬಿಸಿಯಿದ್ದರೆ ಇಳಿಯುವುದು ಸುಮಾರು 45 ವಾಟ್. ಹತ್ತು ಅಡಿ ಹನ್ನೆರಡು ಅಡಿಯ ಕೋಣೆಯಲ್ಲಿ ಮೊದಲನೆಯದು ಎರಡೂವರೆ ಸಾವಿರ ವಾಟನ್ನೂ ದಾಟುತ್ತದೆ. ತಲೆಯ ಮೇಲೆ ಎರಡು ಮೂರು ಇಸ್ತ್ರಿಪೆಟ್ಟಿಗೆಗಳನ್ನು ಮಗುಚಿ ತೂಗುಹಾಕಿದ ಹಾಗೆ!

ಹೀಗಿರುವಾಗ ‘ಎರಡೂ ಕಡೆ ಬಣ್ಣ’ ಎಂಬುದನ್ನು ಹೆಚ್ಚಿನ ಬೆಲೆಯ ವಿಶೇಷ ಗುಣವೆಂದು ಮಾರುವುದು ಏನನ್ನು ಹೇಳುತ್ತದೆ? ಒಳಗಿನ ಬಣ್ಣ ತುಕ್ಕಿನಿಂದ ಕಾಪಾಡುತ್ತದೆ ಎಂಬುದು ನಿಜ, ನೋಡಲೂ ಚೆಂದ. ಆದರೆ ಸೆಕೆಯ ದೃಷ್ಟಿಯಿಂದ ಅದು ತಪ್ಪು ಮೈಗೆ ಬಳಿದ ಬಣ್ಣ. ಮೇಲ್ಮೈ ತಿಳಿ ಬಣ್ಣದ್ದಾಗಿ ಚೆನ್ನಾಗಿ ವಿಕಿರಣ ಸೂಸಬೇಕು. ಒಳಮೈ ಹೊಳೆಯುತ್ತ ಕಡಿಮೆ ಸೂಸಬೇಕು. ಬಣ್ಣದ ಶೀಟು ಹಾಕಿಯಾಗಿದ್ದರೆ ಅದರ ಕೆಳಗೆ ಸ್ವಲ್ಪ ಅಂತರ ಬಿಟ್ಟು ಅಲ್ಯೂಮಿನಿಯಂ ಹಾಳೆಯ ಪದರ ಕಟ್ಟುವುದರಿಂದ ಇದೇ ಫಲ ಸಿಗುತ್ತದೆ. ಅಂತರ ಬಿಡದೆ ಶೀಟಿಗೆ ಅಂಟಿಸಿದ ಹಾಳೆಯೂ ಪರವಾಗಿಲ್ಲ, ಹೊಳೆಯುವ ಮೈ ಕೆಳಗಿನ ಗಾಳಿಗೆ ತೆರೆದಿರಬೇಕು ಅಷ್ಟೆ. ಅಡುಗೆ ಒಲೆಯ ಮಸಿ ಕುಳಿತರೆ ಮಾತ್ರ ಎಲ್ಲ ವ್ಯರ್ಥ.

ಶೀಟಿನ ಅತ್ಯುತ್ತಮ ಬಳಕೆ ಯಾವುದೆಂದು ಕೇಳಿದರೆ ನನ್ನ ಉತ್ತರ ಕರಪತ್ರಗಳ ಮುಖಪುಟದಲ್ಲಿ ಇಲ್ಲ. ಸೋರುವ ಕಾಂಕ್ರೀಟ್ ತಾರಸಿಯ ಮೇಲೆ ಆಳೆತ್ತರಕ್ಕೆ ಕಂಬ ನಿಲ್ಲಿಸಿ, ನಾಲ್ಕೂ ಕಡೆ ತೆರೆದಿಟ್ಟು ಹೊದಿಸುವ ಮಳೆಮಾಡು ಅದು. ಊರೂರಿನಲ್ಲಿ ಜನ ತಾವಾಗಿಯೇ ಇದನ್ನು ಕಂಡುಕೊಂಡಿದ್ದಾರೆ. ಸೋರುವುದು ನಿಲ್ಲುತ್ತದೆ, ಶೀಟಿನ ಬಿಸಿಯನ್ನು ನಡುವಣ ಗಾಳಿ ಒಯ್ಯುತ್ತದೆ, ತಾರಸಿ ದಿನವಿಡೀ ನೆರಳಿನಲ್ಲಿರುವುದರಿಂದ ರಾತ್ರಿಯ ಸೆಕೆಯೂ ಇಳಿಯುತ್ತದೆ. ಅಡಕೆ, ಹಪ್ಪಳ ಒಣಗಿಸಲು ಜಾಗ ಬೇರೆ.

ಗಾಳಿ ಮತ್ತು ಖಾತರಿಯ ಬಗ್ಗೆ ಎರಡು ಮಾತು. ಕಟ್ಟಡಗಳ ಮೇಲಿನ ಗಾಳಿಯ ಭಾರದ ಭಾರತೀಯ ಮಾನಕ ಐ.ಎಸ್. 875, ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್ ಮೂಲ ವೇಗ ಸೂಚಿಸುತ್ತದೆ. ಇದು ಚದರ ಮೀಟರಿಗೆ ಸುಮಾರು 900 ನ್ಯೂಟನ್ ಒತ್ತಡ, ಅಂದರೆ 90 ಕಿ.ಗ್ರಾಂ ಮೀರಿದ ಭಾರಕ್ಕೆ ಸಮ. ಶೀಟಿನ ತೂಕ 4 ಕಿ.ಗ್ರಾಂ. ಮಾಡಿನ ಅಂಚಿನಲ್ಲಿ ಈ ಬಲ ಮೇಲಕ್ಕೆ ಎಳೆಯುತ್ತದೆ. ಹಾಗಾದರೆ ಶೀಟನ್ನು ಹಿಡಿದಿಡುವುದು ತಿರುಪುಮೊಳೆ ಮತ್ತು ಅದರ ರಬ್ಬರ್ ವಾಷರ್! ಅವುಗಳ ಸಂಖ್ಯೆ, ಅಂತರ, ಗುಣಮಟ್ಟದ ಬಗ್ಗೆ ಕರಪತ್ರ ಮೌನ. ಖಾತರಿ ಪತ್ರದ ಹಿಂಬದಿಯ ಸಣ್ಣ ಅಕ್ಷರಗಳನ್ನೂ ಓದಿ. ಸಮುದ್ರದಿಂದ ಇಂತಿಷ್ಟು ದೂರದೊಳಗಿನ ಮನೆಗೆ, ದನದ ಕೊಟ್ಟಿಗೆಗೆ ಖಾತರಿ ಅನ್ವಯಿಸುವುದಿಲ್ಲ ಎಂದು ಸಾಮಾನ್ಯವಾಗಿ ಅಲ್ಲಿ ಬರೆದಿರುತ್ತದೆ. ಗಂಜಲದಿಂದ ಏಳುವ ಅಮೋನಿಯಾ ತೇವದೊಡನೆ ಸೇರಿ ಕ್ಷಾರವಾಗಿ ಅಲ್ಯೂಮಿನಿಯಂ ಲೇಪವನ್ನು ತಿನ್ನುತ್ತದೆ. ಕೊಟ್ಟಿಗೆಯೂ ಕಡಲೂ ಇರುವ ನಾಡಿನಲ್ಲಿ ಈ ಷರತ್ತು ಇರಬೇಕಾದದ್ದು ಮುಖಪುಟದಲ್ಲಿ.

ಮಾಡು ಬದಲಾಯಿತು, ಫೋನು ಮೂಕವಾಯಿತು

ಇಲ್ಲಿಂದ ಎರಡನೆಯ ಕರಪತ್ರಕ್ಕೆ ಹೋಗುವ ದಾರಿ ಹಲವು ಮನೆಗಳಲ್ಲಿ ತಾನಾಗಿಯೇ ತೆರೆಯುತ್ತದೆ. ಹೆಂಚಿನ ಮನೆಯ ಜಗಲಿಯಲ್ಲಿ ಒಂದೆರಡು ಗೆರೆ ತೋರಿಸುತ್ತಿದ್ದ ಮೊಬೈಲು, ಶೀಟು ಹೊದಿಸಿದ ಮೇಲೆ ಸುಮ್ಮನಾಗುತ್ತದೆ. 2020-21ರಲ್ಲಿ ಆನ್‌ಲೈನ್ ಪಾಠಕ್ಕಾಗಿ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಕುಳಿತದ್ದನ್ನು ನಾವು ಮರೆತಿಲ್ಲ. ಅಂಥ ಕಡೆ ಇದು ಸಣ್ಣ ವಿಷಯವಲ್ಲ. ಮನೆಯವರು ಶೀಟಿನ ಅಂಗಡಿಗೆ ಹೋಗಿ ಕೇಳಿದರೆ, ‘ತೆಳು ಶೀಟು ಸಾರ್, ಮೇಲೆ ಬಣ್ಣದ ಕೋಟಿಂಗ್ ಇದೆ, ಸಿಗ್ನಲ್‌ಗೆ ಏನೂ ಆಗುವುದಿಲ್ಲ’ ಎಂಬ ಉತ್ತರ ಬರುತ್ತದೆ.

ತೆಳು ಎಂದರೆ ಎಷ್ಟು ತೆಳು? ವಿದ್ಯುತ್ಕಾಂತೀಯ ಅಲೆ ಉತ್ತಮ ವಾಹಕಕ್ಕೆ ಬಡಿದಾಗ ಬಹುಪಾಲು ಪ್ರತಿಫಲಿಸುತ್ತದೆ. ಒಳಗೆ ಇಳಿದ ಅಲ್ಪ ಭಾಗ ಘಾತೀಯವಾಗಿ ಕ್ಷೀಣಿಸುತ್ತದೆ. ಅಲೆಯ ಕಂಪನ ವಿಸ್ತಾರ ಸುಮಾರು ಮೂರನೆಯ ಒಂದರಷ್ಟಕ್ಕೆ ಇಳಿಯುವ ಆಳಕ್ಕೆ ಸ್ಕಿನ್ ಡೆಪ್ತ್ ಎನ್ನುತ್ತೇವೆ. 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಅಲ್ಯೂಮಿನಿಯಮಿಗೆ ಇದು ಕೇವಲ 1.7 ಮೈಕ್ರೋಮೀಟರ್, ಮಿಶ್ರಲೋಹಕ್ಕೆ 2 ಎಂದು ಹಿಡಿಯಿರಿ. ಮೇಲಿನ ಲೇಪವೇ 20 ಮೈಕ್ರೋಮೀಟರ್ ಇದೆಯಲ್ಲ, ಅದು ಹತ್ತು ಸ್ಕಿನ್ ಡೆಪ್ತ್ ಆಯಿತು. ಅಲೆ ಉಕ್ಕನ್ನು ಮುಟ್ಟುವಷ್ಟರಲ್ಲಿ ಅದರ ವಿಸ್ತಾರ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿಗೂ ಕಡಿಮೆ. ಬಣ್ಣ ವಿದ್ಯುತ್ ನಿರೋಧಕ ಎಂಬುದರಿಂದ ಏನೂ ಬದಲಾಗದು. ರೇಡಿಯೋ ಅಲೆಯ ಮಟ್ಟಿಗೆ 0.35ರ ಶೀಟೂ ಒಂದೇ, ರೈಲು ಹಳಿಯೂ ಒಂದೇ.

ಆದರೂ ಎಲ್ಲ ಶೀಟಿನ ಮನೆಗಳಲ್ಲಿ ಫೋನು ಮೂಕವಾಗುವುದಿಲ್ಲವಲ್ಲ? ಬಯಲುಸೀಮೆಯಲ್ಲಿ ಟವರ್ ಇರುವುದು ಹೆಚ್ಚು ಕಡಿಮೆ ದಿಗಂತದ ಮಟ್ಟದಲ್ಲಿ. ಅಲೆ ಅಡ್ಡಡ್ಡ ಬಂದು ಕಿಟಕಿ, ಗೋಡೆಗಳ ಮೂಲಕ ಒಳಗೆ ಬರುತ್ತದೆ. 900 ಮೆಗಾಹರ್ಟ್ಸ್ ಅಲೆಯ ಉದ್ದ 33 ಸೆಂ.ಮೀ.; ಮೂರಡಿ ಕಿಟಕಿ ಅದಕ್ಕೆ ಹೆಬ್ಬಾಗಿಲು. ಮಲೆನಾಡಿನಲ್ಲಿ ಟವರ್ ಗುಡ್ಡದ ನೆತ್ತಿಯಲ್ಲಿ, ಮನೆ ಕಣಿವೆಯ ತೋಟದ ಅಂಚಿನಲ್ಲಿ. ಅಲೆ ಮೇಲಿನಿಂದ ಇಳಿಯುತ್ತದೆ, ಮಾಡು ತಗ್ಗಾಗಿ ಚಾಚಿಕೊಂಡಿರುತ್ತದೆ, ಗೋಡೆ ದಪ್ಪ ಜಂಬಿಟ್ಟಿಗೆಯದು. ಹಳೆಯ ಹೆಂಚು ಅಲೆಗೆ ದಾರಿ ಬಿಡುತ್ತಿತ್ತು, ಶೀಟು ಬಿಡದು.

ಪರಿಹಾರವೂ ಶೀಟಿನ ಅಂಗಡಿಯಲ್ಲೇ ಇದೆ. ಬೆಳಕಿಗೆಂದು ಮಾರುವ ಪಾರಕ ಪಾಲಿಕಾರ್ಬನೇಟ್ ಅಥವಾ ಫೈಬರ್ ಗ್ಲಾಸಿನ ಶೀಟು ರೇಡಿಯೋ ಅಲೆಗೂ ಪಾರಕ. ಟವರಿನ ದಿಕ್ಕಿಗಿರುವ ಇಳಿಜಾರಿನಲ್ಲಿ ಅಂಥ ಒಂದು ಶೀಟು ಸೇರಿಸಿದರೆ ಬೆಳಕಿನ ಜತೆ ಸಿಗ್ನಲ್ಲೂ ಬರುತ್ತದೆ. ಅದರ ಅಗಲ ಸುಮಾರು ಒಂದು ಮೀಟರ್, ಅಲೆಯುದ್ದದ ಮೂರು ಪಟ್ಟು. ಯಾವ ಕರಪತ್ರವೂ ಇದನ್ನು ಹೇಳುವುದಿಲ್ಲ. ಹೇಳಬೇಕಾದರೆ ಶೀಟು ಸಿಗ್ನಲ್ ತಡೆಯುತ್ತದೆ ಎಂದು ಮೊದಲು ಒಪ್ಪಬೇಕಲ್ಲ!

ಇನ್ನು ಕೆಲವರು ‘ಸಿಗ್ನಲ್ ಬೂಸ್ಟರ್’ ಕೊಂಡು ತರುತ್ತಾರೆ. ಅನುಮತಿಯಿಲ್ಲದೆ ಮೊಬೈಲ್ ಬೂಸ್ಟರ್ ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ ಎಂಬ ಮಾತು ಪೆಟ್ಟಿಗೆಯ ಮೇಲೆ ಇರುವುದಿಲ್ಲ. ಅದು ಕೇವಲ ಕಾನೂನಿನ ಮಾತೂ ಅಲ್ಲ. ಕಳಪೆ ಬೂಸ್ಟರ್ ಗದ್ದಲವನ್ನೂ ವರ್ಧಿಸಿ ಟವರಿಗೆ ಕಳಿಸುತ್ತದೆ. ಒಂದು ಮನೆಯ ಅನುಕೂಲಕ್ಕೆ ಇಡೀ ಊರಿನ ಕರೆಗಳು ಕೆಡುತ್ತವೆ. ಆಪ್ಟಿಕಲ್ ಫೈಬರ್ ಸಂಪರ್ಕ ಬಂದಿರುವ ಮನೆಗಳಿಗೆ ಸರಿಯಾದ ದಾರಿ ವೈ-ಫೈ ಮೂಲಕ ಕರೆ. 2019ರ ಕೊನೆ, 2020ರ ಆರಂಭದಿಂದ ನಮ್ಮಲ್ಲಿ ದೊಡ್ಡ ಖಾಸಗಿ ಸೇವಾದಾರರು ಇದನ್ನು ಒದಗಿಸಿದ್ದಾರೆ. ಫೋನಿನಲ್ಲಿ ಒಂದು ಗುಂಡಿ ಬದಲಿಸಿದರೆ ಆಯಿತು.

ಪೆಟ್ಟಿಗೆಯ ಮೇಲಿನ 1200

ಹೀಗೆ ರೂಟರ್ ಅಂಗಡಿಗೆ ಬಂದೆವು. ಪೆಟ್ಟಿಗೆಯ ಮೇಲೆ ಹೆಬ್ಬೆರಳ ಗಾತ್ರದ ಅಕ್ಷರದಲ್ಲಿ ‘1200 ಎಂಬಿಪಿಎಸ್’. ಈ ಸಂಖ್ಯೆ ಎಲ್ಲಿಂದ ಬಂತು? 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗರಿಷ್ಠ 300, 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗರಿಷ್ಠ 867. ಕೂಡಿಸಿದರೆ 1167, ಮೇಲಕ್ಕೆ ದುಂಡಾಗಿಸಿದರೆ 1200. ಒಂದು ಫೋನು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಪಟ್ಟಿಯಲ್ಲಿ ಮಾತಾಡುತ್ತದೆ. ಹಾಗಾಗಿ ಈ ಮೊತ್ತವನ್ನು ಅದು ಎಂದಿಗೂ ಕಾಣುವುದಿಲ್ಲ. ಬೆಂಗಳೂರಿಗೆ ಬಸ್ಸಿನಲ್ಲಿ ಗಂಟೆಗೆ 60, ರೈಲಿನಲ್ಲಿ 80 ಕಿ.ಮೀ. ಹೋಗಬಹುದಾದ್ದರಿಂದ ನಮ್ಮ ಊರಿನ ಪ್ರಯಾಣದ ವೇಗ 140 ಎಂದ ಹಾಗಾಯಿತು. ಅದೇ ಪೆಟ್ಟಿಗೆಯ ಪಕ್ಕದ ಮೈಯಲ್ಲಿ ಸಣ್ಣದಾಗಿ ‘ಪೋರ್ಟ್: 10/100’ ಎಂದಿದ್ದರೆ, ಹೊರಗಿನಿಂದ ತಂತಿಯ ಮೂಲಕ ಬರುವ ವೇಗ 100 ಎಂಬಿಪಿಎಸ್ ದಾಟುವುದು ಸಾಧ್ಯವೇ ಇಲ್ಲ. ಮನೆಗೆ ಬರುವ ನಲ್ಲಿಯ ಪೈಪು ಅರ್ಧ ಇಂಚಿನದಾದರೆ ಒಳಗೆ ಎರಡು ಇಂಚಿನ ಪೈಪು ಹಾಕಿ ಪ್ರಯೋಜನವೇನು?

ಆಂಟೆನಾಗಳ ವಿಷಯ ಇನ್ನೂ ಸ್ವಾರಸ್ಯ. ‘5 ಡಿಬಿಐ ಶಕ್ತಿಶಾಲಿ ಆಂಟೆನಾ’ ಎನ್ನುತ್ತಾರೆ. ಆಂಟೆನಾಕ್ಕೆ ಸ್ವಂತ ಶಕ್ತಿಯಿಲ್ಲ. ಎಲ್ಲ ದಿಕ್ಕಿಗೂ ಸಮನಾಗಿ ಸೂಸುವ ಕಾಲ್ಪನಿಕ ಆಂಟೆನಾಕ್ಕೆ ಹೋಲಿಸಿದರೆ ಅದು ತನ್ನ ಮೆಚ್ಚಿನ ದಿಕ್ಕಿನಲ್ಲಿ ಸುಮಾರು 3.2 ಪಟ್ಟು ಹೆಚ್ಚು ಸೂಸುತ್ತದೆ, ಉಳಿದ ಕಡೆ ಕಡಿಮೆ. ರೊಟ್ಟಿಯ ಹಿಟ್ಟಿನ ಉಂಡೆ ತಟ್ಟಿದಾಗ ಅಗಲವಾಗುತ್ತದೆ, ಹಿಟ್ಟು ಹೆಚ್ಚುವುದಿಲ್ಲ. ನೆಟ್ಟಗೆ ನಿಲ್ಲಿಸಿದ ಆಂಟೆನಾ ಅದೇ ಮಹಡಿಯ ಕೋಣೆಗಳಿಗೆ ಒಳ್ಳೆಯದು, ನೇರ ಮೇಲಿನ ಕೋಣೆಗೆ ಅಷ್ಟಕ್ಕಷ್ಟೆ. ಮೇಲೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ, ಇದಕ್ಕೆ ಖರ್ಚಿಲ್ಲ.

ಮನೆಯೊಳಗಿನ ವೈ-ಫೈಗೆ ಶೀಟಿನ ಮಾಡು ಶತ್ರುವಲ್ಲ. ರೂಟರೂ ಫೋನೂ ಒಂದೇ ಮಾಡಿನ ಕೆಳಗಿದ್ದರೆ ಶೀಟು ಅಲೆಯನ್ನು ವಾಪಸು ಒಳಕ್ಕೇ ಕಳಿಸುತ್ತದೆ. ಹಲವು ದಾರಿಗಳಲ್ಲಿ ಬಂದ ಅಲೆಗಳನ್ನು ಉಪಯೋಗಿಸಿಕೊಳ್ಳುವ ಜಾಣತನ 2009ರ ವೈ-ಫೈ ಮಾನಕದಿಂದೀಚೆಗೆ ರೂಟರ್‌ಗಳಿಗಿದೆ. ತೊಡಕಾಗುವುದು ನಡುವಿನ ಗೋಡೆಗಳು. ಮಳೆಗಾಲದಲ್ಲಿ ನೀರು ಕುಡಿದ ದಪ್ಪ ಗೋಡೆ 5 ಗಿಗಾಹರ್ಟ್ಸ್ ಅಲೆಯನ್ನು 2.4ರದ್ದಕ್ಕಿಂತ ಹೆಚ್ಚು ತಡೆಯುತ್ತದೆ. ‘ಶೀಟಿನಿಂದ ವಿಕಿರಣ ಪ್ರತಿಫಲಿಸಿ ಮಕ್ಕಳಿಗೆ ಅಪಾಯ’ ಎಂದು ಹೆದರಿಸಿ ಅಂಟುಚೀಟಿ ಮಾರುವವರೂ ಇದ್ದಾರೆ. ರೂಟರ್ ಹೊರಸೂಸುವುದು ಸುಮಾರು 0.1 ವಾಟ್ ಎಂದುಕೊಳ್ಳಿ. ಎರಡು ಮೀಟರ್ ದೂರದಲ್ಲಿ ಅದು ಚದರ ಮೀಟರಿಗೆ 2 ಮಿಲಿವಾಟ್. 2012ರಲ್ಲಿ ಭಾರತ ಮೊಬೈಲ್ ಟವರುಗಳಿಗೆ ವಿಧಿಸಿದ ಬಿಗಿ ಮಿತಿ ಈ ಆವೃತ್ತಿಗಳಲ್ಲಿ ಚದರ ಮೀಟರಿಗೆ 1 ವಾಟ್, ಅಂದರೆ ಐನೂರು ಪಟ್ಟು. ಪ್ರತಿಫಲನದಿಂದ ಕೆಲವು ಪಟ್ಟು ಹೆಚ್ಚಿದರೂ ಚೀಟಿ ಮಾರುವವನಿಗೆ ಮಾತ್ರ ಲಾಭ.

ಸಿಡಿಲಿನ ಭಯಕ್ಕೆ ಆಧಾರವಿದೆ, ಆದರೆ ಜನ ಹೇಳುವ ಕಾರಣ ಸರಿಯಲ್ಲ. ಲೋಹದ ಮಾಡು ಸಿಡಿಲನ್ನು ‘ಎಳೆಯುವುದಿಲ್ಲ’. ಎತ್ತರವೂ ನೆಲೆಯೂ ಅದನ್ನು ನಿರ್ಧರಿಸುತ್ತವೆ. ಮಾಡಿಗೆ ಭೂಸಂಪರ್ಕ ಕೊಡಬೇಕು ಎಂಬುದು ಬೇರೆ ಮಾತು. ರೂಟರ್ ಸುಡುವುದು ತಂತಿಗಳ ಮೂಲಕ ಬರುವ ವಿದ್ಯುತ್ ಹೊಯ್ಲಿನಿಂದ. ಟೆಲಿಫೋನ್ ತಾಮ್ರದ ತಂತಿಯ ಕಾಲದಲ್ಲಿ ಮುಂಗಾರು ಮೊದಲಿನ ಒಂದು ಗುಡುಗಿಗೆ ಎಷ್ಟು ಮೋಡೆಮ್‌ಗಳು ಹೋದವು! ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದು. ಆದರೆ ಫೈಬರಿಗೆ ಆಸರೆಯಾಗಿ ಅನೇಕ ಕೇಬಲ್‌ಗಳಲ್ಲಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು. ಗುಡುಗುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು.

ಈ ಎರಡೂ ಬಗೆಯ ಕರಪತ್ರಗಳನ್ನು ಓದಲು ಬೇಕಾದ ಭೌತಶಾಸ್ತ್ರ ನಮ್ಮ ಪಿ.ಯು. ಪುಸ್ತಕಗಳಲ್ಲಿ ಹೆಚ್ಚು ಕಡಿಮೆ ಪೂರ್ತಿ ಇದೆ. ಸ್ಟೆಫಾನ್ ನಿಯಮ ಮೊದಲ ವರ್ಷ, ವಿದ್ಯುತ್ಕಾಂತೀಯ ಅಲೆಗಳು ಎರಡನೆಯ ವರ್ಷ. ನಿಯಮವನ್ನು ನಿರೂಪಿಸಲು ಒಂದು ಅಂಕ, ಸೂತ್ರಕ್ಕೆ ಒಂದು ಅಂಕ. ಉದಾಹರಣೆಗೆ ನಕ್ಷತ್ರವೋ ದೀಪದ ತಂತಿಯೋ ಬರುತ್ತದೆ. ತಲೆಯ ಮೇಲಿನ ಶೀಟು ಬರುವುದಿಲ್ಲ. ಉತ್ಸರ್ಜಕತೆಯ ವ್ಯಾಖ್ಯೆಯನ್ನು ಬಾಯಿಪಾಠ ಒಪ್ಪಿಸಿದ ವಿದ್ಯಾರ್ಥಿ ಅಪ್ಪನೊಡನೆ ಅಂಗಡಿಗೆ ಹೋದಾಗ ‘ಒಳಮೈಗೆ ಬಣ್ಣ ಯಾಕೆ?’ ಎಂದು ಕೇಳದಿದ್ದರೆ, ಕರಪತ್ರ ಬರೆದವರನ್ನು ಮಾತ್ರ ದೂರುವುದು ನ್ಯಾಯವಲ್ಲ. ಅವರು ತಮ್ಮ ಕೆಲಸ ಮಾಡಿದ್ದಾರೆ.

ಕೊನೆಗೆ, ಮಾಡು ಮತ್ತು ರೂಟರ್ ಎರಡೂ ಸಂಧಿಸುವ ಒಂದು ಜಾಗ. ಸಂಪರ್ಕ ಕೊಡಲು ಬಂದ ಹುಡುಗರು ಕೇಬಲ್ ಒಳಬರುವ ಮೂಲೆಯಲ್ಲಿ, ಗೋಡೆಯ ತುದಿಯಲ್ಲಿ, ಶೀಟಿಗೆ ಒಂದಡಿ ಕೆಳಗೆ ರೂಟರನ್ನು ಜಡಿದು ಹೋಗುತ್ತಾರೆ. ರೂಟರ್ ಜತೆಗಿನ ಪುಸ್ತಿಕೆಯ ಕೊನೆಯ ಪುಟದಲ್ಲಿ, ಮನೆಬಳಕೆಯ ಹೆಚ್ಚಿನ ಮಾದರಿಗಳಲ್ಲಿ, ‘ಕೆಲಸ ಮಾಡುವ ತಾಪ: 0-40 ಡಿಗ್ರಿ’ ಎಂದು ಬರೆದಿರುತ್ತದೆ. 70 ಡಿಗ್ರಿಯ ಶೀಟಿನ ಕೆಳಗೆ ಮೇಲೇರಿ ನಿಂತ ಬಿಸಿಗಾಳಿಯಲ್ಲಿ 40 ಎಲ್ಲಿ ಉಳಿಯಿತು? ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಷ್ಯ ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಬಳಕೆಯ ಅಂದಾಜು. ಮಧ್ಯಾಹ್ನ ಎರಡು ಗಂಟೆಗೆ ನೆಟ್ ನಿಂತು ಸಂಜೆ ತಾನಾಗಿ ಬರುವ ಮನೆಗಳಲ್ಲಿ ಸೇವಾದಾರರಿಗೆ ಫೋನು ಮಾಡುವ ಮೊದಲು ತಲೆಯೆತ್ತಿ ನೋಡುವುದು ಒಳ್ಳೆಯದು. ಮಾರ್ಚಿಯಲ್ಲಿ ಒಂದು ವಾರ, ಶಾಲೆಯ ಸಾಮಾನ್ಯ ತಾಪಮಾಪಕವನ್ನು ರೂಟರ್ ಪಕ್ಕದ ಮೊಳೆಗೆ ತೂಗುಹಾಕಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಓದಿ ಬರೆದಿಡಿ. ಇನ್ನೊಂದನ್ನು ಕಿಟಕಿಯ ಮಟ್ಟದಲ್ಲಿ, ಬಿಸಿಲು ತಾಗದ ಕಡೆ. ಎರಡರ ನಕ್ಷೆಯನ್ನು ಒಂದೇ ಹಾಳೆಯಲ್ಲಿ ಎಳೆಯಿರಿ. ಮೊದಲನೆಯದು 40ರ ಗೆರೆ ದಾಟಿದರೆ ರೂಟರನ್ನು ಎರಡನೆಯದರ ಜಾಗಕ್ಕೆ ಇಳಿಸಬೇಕು. ಬೇಕಾಗುವುದು ಎರಡು ಮೊಳೆ ಮತ್ತು ಮೂರು ಮೀಟರ್ ಕೇಬಲ್.